ಇಪ್ಪತ್ತರ ನೋಟು

ಹೋಟೆಲಿನಲ್ಲಿ ಊಟವಾದ ಮೇಲೆ ಕೊಡುವ ಬಡೇಸೋಪಿನ ವಾಸನೆ ನನಗೆ ಇಂದಿಗೂ ಸೇರುವುದಿಲ್ಲ.

ಐದನೇ ಇಯತ್ತೆಯಲ್ಲಿದ್ದಾಗ ಬಸವಕಲ್ಯಾಣದ ನನ್ನ ಗೆಳತಿಯ ಅಪ್ಪ ನಮ್ಮಿಬ್ಬರನ್ನೂ ಹುಮನಾಬಾದಿನ ಖಾನಾವಳಿಯೊಂದಕ್ಕೆ ಕರೆದೊಯ್ದರು. ರೊಟ್ಟಿಯ ಬುಟ್ಟಿ ಹಿಡಿದು ಬಂದವಳು ನನ್ನ ಅವ್ವ. ಅವ್ವ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆಂದು ನಾನು ಗೆಳತಿಗೆ ಹೇಳಿಕೊಂಡಿದ್ದೆ. ನಾನು ತಲೆ ತಗ್ಗಿಸಿದ್ದನ್ನು ನೋಡಿ ಅವ್ವನೂ ಗುರುತಿಲ್ಲದವಳಂತೆ ಬಡಿಸತೊಡಗಿದಳು. ಬಿಸಿ ರೊಟ್ಟಿ, ಝುಣಕ, ಮತ್ತೆ ರೊಟ್ಟಿ.

ಬಡೇಸೋಪು ಬಂದಾಗ ಗೆಳತಿಯ ಅಪ್ಪ ಇಪ್ಪತ್ತರ ನೋಟೊಂದನ್ನು ನನ್ನ ಕೈಗಿಟ್ಟರು. “ನಿನ್ನ ತಾಟ ಖಾಲಿ ಆಗಾಕ ಬಿಟ್ಟಿಲ್ಲ ನೋಡವಾ ಆಕಿ. ಈ ಬಕ್ಷೀಸ್ ನೀನ ಕೊಡು.”

ಕೊಟ್ಟೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ನೋಟನ್ನು ಕಣ್ಣಿಗೊತ್ತಿಕೊಂಡಳು.

“ಹೊಟ್ಟಿ ತುಂಬ್ತೇನವಾ?” ಎಂದು ಕೇಳಿದಳು.

“ತುಂಬ್ತ್ರಿ,” ಎಂದೆ, ಬೇರೆ ಯಾರದೋ ಅವ್ವನಿಗೆ ಹೇಳುವ ಹಾಗೆ.