ಶ್ಯಾಮರಾಯರ ವರ್ಗಾವಣೆ

ತೀರಿಕೊಂಡ ನೌಕರರ ಬುದ್ಧಿಯನ್ನು ಅವರವರ ಮೇಜಿನ ಕಂಪ್ಯೂಟರಿಗೆ ತುಂಬಿ, ನಿವೃತ್ತಿಯ ವಯಸ್ಸಿನವರೆಗೆ ದುಡಿಸಿಕೊಳ್ಳುವುದು ಆ ಭೂಮಾಪನ ಕಚೇರಿಯ ವಾಡಿಕೆ. ಪಕ್ಕದ ಮೇಜಿನ ಪದ್ಮಾವತಿಯನ್ನು ತೀರಿಕೊಂಡ ಪತಿ ಶ್ಯಾಮರಾಯರು ಮೂರು ವರ್ಷಗಳಿಂದ ತಮ್ಮ ಕಂಪ್ಯೂಟರ್ ಪೆಟ್ಟಿಗೆಯೊಳಗಿಂದಲೇ, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ, “ಇವತ್ತೂ ಚಿತ್ರಾನ್ನಾನೇನೇ?” ಎಂದು ಛೇಡಿಸುತ್ತಿದ್ದರು.

ಇಂದು ಪೆಟ್ಟಿಗೆಗಳಲ್ಲಿದ್ದ ಎಲ್ಲರನ್ನೂ ಕೇಂದ್ರ ಕಚೇರಿಯ ಸರ್ವರ್‌ಗೆ ಸಾಗಿಸುವ ದಿನ.

“ಕೆಲಸದ್ದು ಪೂರ್ತಿ ಅಲ್ಲಿಗೆ ಹೋಗುತ್ತೆ ಅಕ್ಕಾ, ಸ್ವಂತ ಮಾತು ಮಾತ್ರ ಅಳಿಸಿಹೋಗುತ್ತೆ. ಇಲ್ಲೊಂದು ಸಹಿ ಹಾಕಿ,” ಎಂದ ತಂತ್ರಜ್ಞ ನಜೀರ್.

ಅವಳು ಹಾಕಿದಳು. ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿದ್ದ ಪೆಟ್ಟಿಗೆಯನ್ನು ಅವನು ಹೊತ್ತೊಯ್ದ. ಅದಿದ್ದ ಜಾಗದಲ್ಲಿ ತೆಳುವಾದ ಪರದೆಯೊಂದು ಬೆಳಗಿತು.

ಗಂಟೆ ಒಂದಾಯಿತು.

“ನಮಸ್ಕಾರ ಮೇಡಂ, ಯಾವ ಕಡತ ಬೇಕು?” ಎಂದಿತು ಶ್ಯಾಮರಾಯರದೇ ದನಿ.

ಪದ್ಮಾವತಿ ಡಬ್ಬಿಯ ಮುಚ್ಚಳ ತೆಗೆದಳು.

“ಹೂಂ ರೀ, ಚಿತ್ರಾನ್ನಾನೇ.”

“ಆ ಹೆಸರಿನ ಕಡತವಿಲ್ಲ, ಮೇಡಂ.”