ಹೊಲಿಗೆ ಯಂತ್ರದ ಅರ್ಜಿ

ಯುದ್ಧದಲ್ಲಿ ಸೋತ ಜರ್ಮನಿಯ ಒಂದು ಊರಿನವರನ್ನೆಲ್ಲ ಪರದೇಶಿ ಸೈನ್ಯ ಹೊರಗೆ ಹಾಕಿ, ತನ್ನ ನಿರಾಶ್ರಿತರನ್ನು ತಂದಿರಿಸಿ, ಬೀದಿಗಳ ಹೆಸರನ್ನೂ ಬದಲಿಸಿತ್ತು. ಅಲ್ಲಿನ ತನ್ನ ಮನೆಯಲ್ಲೇ ಉಳಿದ ಹೊಲಿಗೆ ಯಂತ್ರ ತರಲು ಒಬ್ಬ ದರ್ಜಿ ಹೆಂಗಸು ತಿಂಗಳ ಮೊದಲ ಸೋಮವಾರ ತಪ್ಪದೆ ಊರ ಗೇಟಿನ ಕಚೇರಿಗೆ ಅರ್ಜಿ ಕೊಡುತ್ತಿದ್ದಳು.

“ಇಂಥ ಬೀದಿ ಇಲ್ಲಿಲ್ಲ ಅಮ್ಮಾ. ಹೊಸ ಹೆಸರು ಬರೀರಿ,” ಎಂದು ಪರದೇಶಿ ಗುಮಾಸ್ತ ಹಾಳೆ ತಳ್ಳುತ್ತಿದ್ದ.

“ನಾನು ಹುಟ್ಟಿದ ಬೀದಿ ಕಣಯ್ಯಾ. ಸತ್ರೂ ಬರೆಯಲ್ಲ.”

ಮೂರು ವರ್ಷ ಕೈಯಲ್ಲೇ ಹೊಲಿದು ಬೆರಳು ಸೆಟೆದುಕೊಂಡವು. ಕೊನೆಗೆ ಒಂದು ಸೋಮವಾರ ಹಲ್ಲು ಕಚ್ಚಿಕೊಂಡು, ಆ ಹಾಳು ಹೊಸ ಹೆಸರನ್ನೇ ಬರೆದು ಕೊಟ್ಟಳು.

ಕಿಟಕಿಯಲ್ಲಿ ಅಂದು ಅವಳದೇ ನಾಡಿನ ಗುಮಾಸ್ತನಿದ್ದ. ಓದಿ, ಹಾಳೆ ತಳ್ಳಿದ.

“ಇಂಥ ಬೀದಿ ಇಲ್ಲಿಲ್ಲ ಅಮ್ಮಾ. ಬೆಳಿಗ್ಗೆಯಷ್ಟೇ ಊರು ನಮ್ಮ ಕೈಗೆ ವಾಪಸು ಬಂತು. ಹಳೇ ಹೆಸರು ಬರ್ಕೊಂಡು ಮುಂದಿನ ತಿಂಗಳು ಬನ್ನಿ.”