ಕತ್ತರಿ ಹಿಡಿದ ಪಾದ್ರಿನೊ

ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ದೋನ್ ಎವುಲೋಹಿಯೊ ಒಂದು ಷರತ್ತು ಹಾಕಿದರು.

"ನೋಡಮ್ಮ ಯೋವಾನಾ, ಮಗು ಕೂದಲು ಕತ್ತರಿಸ್ತೀನಿ, ಊಟಾನೂ ಮಾಡ್ತೀನಿ. ಹಾಲಿನ ಟ್ಯಾಂಕಿನ ಮಾತು ಮಾತ್ರ ಎತ್ತಬಾರದು."

"ಈ ಮಗು ಆಣೆಗೂ, ದೋನ್ ಎವುಲೋಹಿಯೊ, ನಿಮ್ಮ ವೋಟು ನನಗೆ ಬೇಡವೇ ಬೇಡ."

ಸುತ್ತ ಕೂತವರೆಲ್ಲ ನಕ್ಕರು. ಯಾರಿಗೆ ತಾನೆ ಗೊತ್ತಿಲ್ಲ? ಯೋವಾನಾ ಕಿಲ್ಕಾತೆ ಚಿಲ್ಕಪಂಪ ಪುರಸಭೆಯ ಆರ್ಥಿಕ ಅಭಿವೃದ್ಧಿ ಅಧಿಕಾರಿ. ಎವುಲೋಹಿಯೊ ಪ್ರಾಂತ್ಯದ ಅಭಿವೃದ್ಧಿ ಸಮಿತಿಯ ಅಧ್ಯಕ್ಷರು. ಹಾಲು ತಂಪಾಗಿಡುವ ಟ್ಯಾಂಕು ಸಮಿತಿ ಕೊಡುವುದು ವರ್ಷಕ್ಕೆ ಒಂದೇ ಒಂದು. ಕಳೆದ ಎರಡು ವರ್ಷವೂ ಅದು ಪಕ್ಕದ ಲುಕ್ಮಾಪಟಕ್ಕೆ ಹೋಗಿತ್ತು. ಲುಕ್ಮಾಪಟ ಅಧ್ಯಕ್ಷರ ಹೆಂಡತಿಯ ತವರು. ಉಳಿದ ನಾಲ್ವರು ಸದಸ್ಯರು ಅಧ್ಯಕ್ಷರ ಮುಖ ನೋಡಿಕೊಂಡೇ ಕೈ ಎತ್ತುವವರು. ಇತ್ತ ಚಿಲ್ಕಪಂಪದಲ್ಲಿ ಲಾರಿ ತಡವಾದ ದಿನ ನಲವತ್ತು ಮನೆಗಳ ಹಾಲು ಒಡೆದು ಹಂದಿಗಳ ಪಾಲಾಗುತ್ತಿತ್ತು. ಅದನ್ನು ನೋಡಿದಾಗೆಲ್ಲ ಯೋವಾನಾಳಿಗೆ ಅಳುವೇ ಬರುತ್ತಿತ್ತು.

ಅಧಿಕಾರಿಗಳ ತರಬೇತಿಯಲ್ಲಿ ಅವಳಿಗೆ ಹೇಳಿಕೊಟ್ಟದ್ದು ಇಷ್ಟೇ: ಸಂಪರ್ಕ ಬೆಳೆಸಿ, ವಿಸಿಟಿಂಗ್ ಕಾರ್ಡ್ ಹಂಚಿ, ದೊಡ್ಡವರ ಕಣ್ಣಿಗೆ ಬೀಳಿ. ಅವಳು ಇನ್ನೂರು ಕಾರ್ಡ್ ಅಚ್ಚು ಹಾಕಿಸಿದಳು. ಹಂಚಿದ್ದು ಹತ್ತೋ ಹನ್ನೆರಡೋ. ಅದರ ಬದಲು ಪ್ರತಿ ಮಂಗಳವಾರ ಸಮಿತಿಯ ಗುಮಾಸ್ತೆ ದೋನ್ಯಾ ಸೋಯ್ಲಾ ಜತೆ ಕೂತು ಕಾಫಿ ಕುಡಿದಳು.

"ಫೈಲು ಹೊರೋಳ ಜತೆ ಹರಟೆ ಹೊಡೆದ್ರೆ ಟ್ಯಾಂಕು ಬರುತ್ತೇನೇ?" ಎಂದು ತಾಯಿ ಹಂಗಿಸಿದಳು. "ಹಿಡಿಯೋದಾದ್ರೆ ಅಧ್ಯಕ್ಷನ ಕಾಲು ಹಿಡಿ."

ಕೊನೆಗೆ ಯೋವಾನಾ ಅದನ್ನೇ ಮಾಡಿದಳು. ಮೂರು ವರ್ಷದ ಮಗಳು ಡೆಲ್ಮಿತಾಳ ಮೊದಲ ಮುಡಿ ತೆಗೆಯಲು ತಾವೇ ಪಾದ್ರಿನೊ ಆಗಬೇಕು ಎಂದು ಎರಡು ಕೋಳಿ ಹಿಡಿದು ಅಧ್ಯಕ್ಷರ ಮನೆ ಬಾಗಿಲಿಗೆ ಹೋದಳು. ನಮ್ಮ ಕಡೆ ಈ ಕರೆಗೆ ಒಲ್ಲೆ ಎನ್ನುವ ಹಾಗಿಲ್ಲ, ಮಗುವಿಗೆ ಕೇಡು. ಕತ್ತರಿ ಹಿಡಿದ ದಿನದಿಂದ ಪಾದ್ರಿನೊ ಮಗುವಿಗೆ ಇನ್ನೊಬ್ಬ ಅಪ್ಪ. ಹೆತ್ತವರಿಗೆ ಕೊಂಪಾದ್ರೆ, ಅಂದರೆ ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಅಧ್ಯಕ್ಷರು ಉಬ್ಬಿಹೋದರು. ಪುಕ್ಕಟೆ ಊಟ, ಪುಕ್ಕಟೆ ಮರ್ಯಾದೆ. ಟ್ಯಾಂಕು ಹೇಗೂ ಹೆಂಡತಿಯ ತವರಿಗೆ.

ರಿಬ್ಬನ್ ಕಟ್ಟಿದ ಮೊದಲ ಜಡೆ ತಟ್ಟೆಗೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ. ಹುರಿದ ಕುಯ್ ಗಿನಿಯಿಲಿ, ಆಲೂಗಡ್ಡೆ, ಲೋಟ ಲೋಟ ಜೋಳದ ಹೆಂಡ ಚಿಚಾ. ನಾಲ್ವರು ಸದಸ್ಯರೂ ಬಂದಿದ್ದರು. ಅವರಲ್ಲೊಬ್ಬ ಚೀಸ್ ಬಾಯಿಗಿಟ್ಟು, "ಆಹಾ, ಇಂಥದ್ದು ಲುಕ್ಮಾಪಟದವರ ಕನಸಲ್ಲೂ ಇಲ್ಲ!" ಎಂದವನು ಅಧ್ಯಕ್ಷರ ಮುಖ ನೋಡಿ ತಟ್ಟೆ ಕೆಳಗಿಟ್ಟ. ಮೂಲೆಯಲ್ಲಿದ್ದ ಸೋಯ್ಲಾ ಫೋಟೊ ತೆಗೆದಳು. ನೆನಪಿಗಿರಲಿ ಎಂದು ಒಂದು ಹಾಳೆಗೆ ಪಾದ್ರಿನೊ ಸಹಿಯನ್ನೂ ಹಾಕಿಸಿಕೊಂಡಳು.

ತಾಯಿ ಯೋವಾನಾಳ ಕಿವಿಯಲ್ಲಿ ಪಿಸುಗುಟ್ಟಿದಳು: "ನಿನ್ನ ಕುಯ್ ತಿಂದು ತೇಗಿ, ವೋಟು ಅವರಿಗೇ ಹಾಕ್ತಾನೆ, ನೋಡ್ತಿರು."

"ಹಾಕೋಕಾದ್ರೆ ಹಾಕ್ಲಿ ಬಿಡಮ್ಮ."

ಸೋಮವಾರ ಸಮಿತಿ ಸೇರಿತು. ಯೋವಾನಾ ತನ್ನ ಹೆಸರಲ್ಲೇ ಹಾಕಿದ ಅರ್ಜಿಯ ಜತೆ ಮಗಳನ್ನೂ ಎತ್ತಿಕೊಂಡು ಬಂದಳು. ಸೋಯ್ಲಾ ಎಂದಿನ ರಾಗದಲ್ಲಿ, ಎಂದೂ ಯಾರೂ ಕಿವಿಗೊಡದ ಪ್ರಶ್ನೆಯನ್ನು ಓದಿದಳು: "ಅರ್ಜಿ ಹಾಕಿದವರಲ್ಲಿ ಸದಸ್ಯರ ಸಂಬಂಧಿಕರು ಯಾರಾದ್ರೂ ಇದ್ದಾರಾ?"

"ಇಲ್ಲ ಇಲ್ಲ, ಮುಂದೆ ಓದಿ," ಎಂದರು ಅಧ್ಯಕ್ಷರು.

"ಪಾದ್ರಿನೊ!" ಡೆಲ್ಮಿತಾ ಓಡಿಹೋಗಿ ಅವರ ಮೊಣಕಾಲು ತಬ್ಬಿಕೊಂಡಳು.

ಸೋಯ್ಲಾ ಕನ್ನಡಕ ಸರಿಮಾಡಿಕೊಂಡಳು. ಫೋಟೊ, ಸಹಿ ಹಾಕಿದ ಹಾಳೆ ಎರಡನ್ನೂ ಮೇಜಿನ ಮೇಲಿಟ್ಟಳು. "ಏಳನೇ ನಿಯಮ. ರಕ್ತಸಂಬಂಧಿ, ಬೀಗರು, ಕೊಂಪಾದ್ರೆ, ಯಾರೇ ಆಗ್ಲಿ, ವೋಟು ಹಾಕೋ ಹಾಗಿಲ್ಲ, ಹೊರಗೆ ಕೂರಬೇಕು." ನಾಲ್ವರು ಸದಸ್ಯರು ಅಭ್ಯಾಸಬಲದಿಂದ ಅಧ್ಯಕ್ಷರ ಮುಖ ನೋಡಿದರು. ಅದು ಆಗಲೇ ಬಾಗಿಲ ಕಡೆ ತಿರುಗಿತ್ತು.

ಯೋವಾನಾ ಬಾಗಿಲು ತೆರೆದು ಹಿಡಿದಳು: "ಕೊಂಪಾದ್ರೆ, ಇವರು ಕೈ ಎತ್ತೋವರೆಗೂ ನಿಮ್ಮ ಮಗಳನ್ನ ಸ್ವಲ್ಪ ಆಡಿಸ್ತಿರಿ."